2.1 ಸ್ಪೀಕರ್ ಮತ್ತು ಅದರ ಪಕ್ಕದ ಹಾರ್ಡ್ ಡಿಸ್ಕ್: ಐದು ವರ್ಷ ಬಳಸಿದ ಮೇಲೆ

ಶಿವಮೊಗ್ಗದಲ್ಲಿ ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟಿಂಗ್ ನನ್ನ ಕೆಲಸ. 2020ರಲ್ಲಿ ಸಬ್‌ವೂಫರ್ (ಬೇಸ್ ಸದ್ದಿನ ದೊಡ್ಡ ಡಬ್ಬ) ಮತ್ತು ಎರಡು ಚಿಕ್ಕ ಸ್ಪೀಕರ್ ಇರುವ 2.1 ಸ್ಪೀಕರ್ ಸೆಟ್ ತಗೊಂಡೆ, ಅದೇ ತಿಂಗಳು 4 ಟಿಬಿ ಹಾರ್ಡ್ ಡಿಸ್ಕ್ ಕೂಡ. ಎರಡೂ ದಿನಕ್ಕೆ ಎಂಟೊಂಬತ್ತು ಗಂಟೆ ಓಡುತ್ತವೆ.

ಸ್ಪೀಕರ್ ಸೌಂಡ್ ತುಂಬಾ ಚೆನ್ನಾಗಿದೆ. ವಾಲಗದ ಡೋಲು ಬಂದರೆ ಕೋಣೆ ತುಂಬುತ್ತದೆ, ಮಂತ್ರ ಹೇಳುವ ಪುರೋಹಿತರ ದನಿಯೂ ಅದರಲ್ಲಿ ಮುಳುಗುವುದಿಲ್ಲ. ರಿಮೋಟ್ ಎರಡನೇ ವರ್ಷಕ್ಕೇ ಕೆಟ್ಟಿತು. ಬೇಸ್ ತಿರುಗಿಸುವ ಗುಬ್ಬಿ ಡಬ್ಬದ ಹಿಂಭಾಗದಲ್ಲಿದೆ, ಪ್ರತಿ ಸಲ ಕೈ ತೂರಿಸಬೇಕು. ಇಷ್ಟು ಬಿಟ್ಟರೆ ದೂರಿಲ್ಲ.

ಆದರೆ ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಮೊದಲ ಎರಡು ವರ್ಷ ಸಬ್‌ವೂಫರನ್ನು ಮೇಜಿನ ಮೇಲೆ, ಹಾರ್ಡ್ ಡಿಸ್ಕ್ ಇರುವ ಸಿಪಿಯು ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆ. 2022ರಲ್ಲಿ ಒಂದು ಮದುವೆಯ 300 ಜಿಬಿ ವಿಡಿಯೊವನ್ನು ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಹಾರ್ಡ್ ಡಿಸ್ಕ್‌ಗೆ ಹಾಕುತ್ತಾ ಹಾಡು ಕೇಳುತ್ತಿದ್ದೆ. ಕಾಪಿ ಆಗುವ ವೇಗ ಸೆಕೆಂಡಿಗೆ 170 ಎಂಬಿ ಇದ್ದದ್ದು ಧಡ್ ಅಂತ 100ಕ್ಕೆ ಇಳಿಯಿತು. ಹಾಡು ನಿಲ್ಲಿಸಿದೆ, ಪರದೆಯಲ್ಲಿ ವೇಗ ತೋರಿಸುವ ಗೆರೆ ಮೇಲೇರಿತು. ಮತ್ತೆ ಹಾಕಿದೆ, ಮತ್ತೆ ಇಳಿಯಿತು. ಹಾಡಿನ ಫೈಲ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ, ಹಾಗಾಗಿ ಅದನ್ನು ಓದುವುದಕ್ಕೆ ಹಾರ್ಡ್ ಡಿಸ್ಕ್ ನಿಧಾನ ಆಯಿತು ಅನ್ನುವ ಹಾಗೂ ಇಲ್ಲ. ಸಿಪಿಯು ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದೆ, ಝುಂ ಅನ್ನುತ್ತಿತ್ತು. ಪಕ್ಕದ ಲೋಟದಲ್ಲಿದ್ದ ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು.

ಮೂರು ದಿನ ಬಿಟ್ಟು ಮುಹೂರ್ತದ ಒಂದು ಕ್ಲಿಪ್ ತೆರೆಯಲೇ ಇಲ್ಲ. ನನ್ನ ಎದೆ ಧಸಕ್ಕೆಂದಿತು. ಧಾರೆ ಎರೆಯುವ ಹೊತ್ತು ಅದು, ಮತ್ತೆ ಶೂಟ್ ಮಾಡಲು ಬರುತ್ತದಾ? ಪುಣ್ಯಕ್ಕೆ ಕ್ಯಾಮೆರಾ ಕಾರ್ಡ್ ಇನ್ನೂ ಅಳಿಸಿರಲಿಲ್ಲ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್ ಹಾಕಿ ನೋಡಿದರೆ ಎಚ್ಚರಿಕೆಯ ಹಳದಿ ಬಣ್ಣ, ಪೆಂಡಿಂಗ್ ಸೆಕ್ಟರ್ (ಓದಲು ಆಗದೆ ಅನುಮಾನದಲ್ಲಿಟ್ಟ ಜಾಗ) 8.

ರಿಪೇರಿ ಅಂಗಡಿಯಲ್ಲಿ 'ಸ್ಪೀಕರ್ ಮ್ಯಾಗ್ನೆಟ್ ಡೇಟಾ ತಿಂದುಬಿಟ್ಟಿದೆ, ಡಿಸ್ಕ್ ಬದಲಾಯಿಸಿ' ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಹಾರ್ಡ್ ಡಿಸ್ಕ್ ಒಳಗೇ ಗಟ್ಟಿ ಮ್ಯಾಗ್ನೆಟ್ ಇರುತ್ತದೆ, ಸತ್ತ ಡಿಸ್ಕ್ ಬಿಚ್ಚಿ ನೋಡಿದವರಿಗೆ ಗೊತ್ತು, ಬೆರಳು ಸಿಕ್ಕಿಕೊಂಡರೆ ರಕ್ತ ಬರುತ್ತದೆ. ಮನೆಯ ಸ್ಪೀಕರ್ ಮ್ಯಾಗ್ನೆಟ್ ಹೊರಗಿನಿಂದ ಅದಕ್ಕೇನೂ ಮಾಡುವುದಿಲ್ಲ. ತೊಂದರೆ ಕೊಡುವುದು ಅದುರುವಿಕೆ. ನನ್ನ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ, ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್. ಅದುರಿದರೆ ಹೆಡ್ ತಟ್ಟೆಯ ಮೇಲಿನ ತನ್ನ ದಾರಿಯಿಂದ ಪಕ್ಕಕ್ಕೆ ಸರಿಯುತ್ತದೆ, ಡಿಸ್ಕ್ ಕೆಲಸ ನಿಲ್ಲಿಸಿ ಇನ್ನೊಂದು ಸುತ್ತು ಬರುವವರೆಗೆ ಕಾಯುತ್ತದೆ, ಒಂದು ಸುತ್ತಿಗೆ 8 ಮಿಲಿಸೆಕೆಂಡ್, ಇದು ಸಾವಿರಾರು ಸಲ ಆದಾಗ ನಮಗೆ ಕಾಣುವುದು ಆ ಇಳಿದ ಗೆರೆ.

ಸನ್ ಮೈಕ್ರೋಸಿಸ್ಟಮ್ಸ್ ಅನ್ನುವ ಕಂಪ್ಯೂಟರ್ ಕಂಪನಿಯಲ್ಲಿ ಆಗ ಎಂಜಿನಿಯರ್ ಆಗಿದ್ದ ಬ್ರೆಂಡನ್ ಗ್ರೆಗ್ ಸರ್ವರ್ ಡಿಸ್ಕ್‌ಗಳ ಮುಂದೆ ನಿಂತು ಜೋರಾಗಿ ಕಿರುಚಿದ ವಿಡಿಯೊ ಇದೆ, ಕಿರುಚಿದ ಕ್ಷಣಕ್ಕೆ ಸರಿಯಾಗಿ ಡಿಸ್ಕ್ ತಡವರಿಸುವುದು ಗ್ರಾಫ್‌ನಲ್ಲಿ ಕಾಣುತ್ತದೆ. 2016ರಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ಆರಿಸುವ ಗ್ಯಾಸ್ ಪರೀಕ್ಷೆ ಮಾಡಿದಾಗ ಆ ಸದ್ದಿಗೇ ಡಿಸ್ಕ್‌ಗಳು ಹಾಳಾಗಿ ಕಾರ್ಡ್, ಎಟಿಎಂ ಎಲ್ಲ ಗಂಟೆಗಟ್ಟಲೆ ನಿಂತಿದ್ದವು. ಆದರೆ ಅದು 130 ಡೆಸಿಬಲ್ ದಾಟಿದ ಸದ್ದು. ಮನೆಯ ಸ್ಪೀಕರ್ ಅಷ್ಟು ದೂರ ಹೋಗುವುದಿಲ್ಲ, ಸುಮ್ನೆ ಹೆದರಬೇಡಿ.

ನನ್ನ ಡಿಸ್ಕ್ ಸತ್ತಿರಲಿಲ್ಲ. ಡೇಟಾ ಎಲ್ಲ ಬೇರೆ ಕಡೆ ಹಾಕಿ ಪೂರ್ತಿ ಒಮ್ಮೆ ತುಂಬಿ ಬರೆದೆ, ಆ 8 ಹೋಗಿ 0 ಆಯಿತು. ಅಂದರೆ ತಟ್ಟೆಗೆ ಗಾಯ ಆಗಿರಲಿಕ್ಕಿಲ್ಲ, ಬರೆಯುವಾಗ ಡೇಟಾ ಸರಿಯಾಗಿ ಕೂತಿರಲಿಲ್ಲ ಅಷ್ಟೇ ಅನ್ನಿಸುತ್ತದೆ. ಡಬ್ಬ ಬಿಚ್ಚಿದಾಗ ಇನ್ನೊಂದು ಕಾರಣವೂ ಸಿಕ್ಕಿತು. ಡಿಸ್ಕ್‌ಗೆ ನಾಲ್ಕು ಸ್ಕ್ರೂ ಹಾಕುವ ಕಡೆ ಜೋಡಿಸಿದವರು ಒಂದೇ ಬದಿಗೆ ಎರಡು ಹಾಕಿದ್ದರು, ಇನ್ನೊಂದು ಬದಿ ಅಲುಗಾಡುತ್ತಿತ್ತು. ಇದನ್ನು ದಯವಿಟ್ಟು ಇವತ್ತೇ ನೋಡಿಕೊಳ್ಳಿ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ, ನಾಲ್ಕೂ ಸ್ಕ್ರೂ ಹಾಕಿದೆ. ಸಬ್‌ವೂಫರನ್ನು ನೆಲಕ್ಕೆ ಇಳಿಸಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಗೋಡೆ ಕಡೆ ಸರಿಸಿದೆ. ಅದೇ ಹಾಡು, ಅದೇ ವಾಲ್ಯೂಮ್, ಅದೇ 300 ಜಿಬಿ. ಗೆರೆ ನೇರ ಹೋಯಿತು.

ಈಗ ಡಿಸ್ಕ್ 14,000 ಗಂಟೆ ದಾಟಿದೆ, ಪೆಂಡಿಂಗ್ ಇನ್ನೂ 0. ಗಣೇಶ ಹಬ್ಬದಲ್ಲಿ ಡಿಜೆ ಟ್ರ್ಯಾಕ್ಟರ್ ನಮ್ಮ ಬೀದಿಗೆ ಬಂದು ಕಿಟಕಿ ಗಾಜು ನಡುಗಲು ಶುರುವಾದರೆ ಮಾತ್ರ ಕಾಪಿ ನಿಲ್ಲಿಸಿ ಸಿಸ್ಟಮ್ ಆಫ್ ಮಾಡುತ್ತೇನೆ, ಆಫ್ ಆದರೆ ಹೆಡ್ ತಟ್ಟೆ ಬಿಟ್ಟು ಪಕ್ಕಕ್ಕೆ ಹೋಗಿ ಕೂರುತ್ತದೆ. ಆರ್ಕೆಸ್ಟ್ರಾ ಹುಡುಗರು ಹಳೇ ಲ್ಯಾಪ್‌ಟಾಪನ್ನು ಬೇಸ್ ಡಬ್ಬದ ಮೇಲೇ ಇಡುವುದು ನೋಡಿದ್ದೇನೆ, ನೋಡಿದಾಗಲೆಲ್ಲ ಹೋಗಿ ಹೇಳಿದ್ದೇನೆ. ಎಸ್‌ಎಸ್‌ಡಿ ಇದ್ದರೆ ಈ ಚಿಂತೆ ಇಲ್ಲ, ಅದರೊಳಗೆ ತಿರುಗುವಂಥದ್ದು ಏನೂ ಇಲ್ಲ ಅಲ್ವಾ.

ಸ್ಪೀಕರ್‌ಗೆ 5ರಲ್ಲಿ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ರಿಮೋಟ್‌ಗಲ್ಲ, ವೈರ್‌ಗೆ. ಸಬ್‌ವೂಫರ್‌ನಿಂದ ಚಿಕ್ಕ ಸ್ಪೀಕರ್‌ಗೆ ಕೊಟ್ಟಿರುವ ವೈರ್ ಎಷ್ಟು ಗಿಡ್ಡ ಅಂದರೆ ಸಬ್‌ವೂಫರನ್ನು ಮೇಜಿನ ಮೇಲೆ ಇಡದೆ ಬೇರೆ ದಾರಿಯೇ ಇರುವುದಿಲ್ಲ. ನಾನು ಎಲೆಕ್ಟ್ರಿಕಲ್ ಅಂಗಡಿಯಿಂದ ಎರಡು ಮೀಟರ್ ವೈರ್ ತಂದು ಜೋಡಿಸಿಕೊಂಡೆ.