ಪ್ರೈಮರಿ ಕ್ಲಾಸಿನ ಪ್ರಾಜೆಕ್ಟಿಗೆ ಮೈಕ್ರೋಬಿಟ್: ಒಬ್ಬ ಟೀಚರ್ ರಿವ್ಯೂ

ಪ್ರೈಮರಿ ಕ್ಲಾಸಿಗೆ ಟೆಕ್ನಾಲಜಿ ಅಂದ ತಕ್ಷಣ ಎಲ್ರೂ ಟ್ಯಾಬ್, ಸ್ಮಾರ್ಟ್ ಬೋರ್ಡ್ ಅಂತಾರೆ, ಅದ್ರಲ್ಲಿ ಮಕ್ಕಳಿಗೆ ಕೂತು ನೋಡೋದು ಬಿಟ್ರೆ ಜಾಸ್ತಿ ಕೆಲಸ ಇರಲ್ಲ. ನಾನು ಐದನೇ ಕ್ಲಾಸಿನ ಮಕ್ಕಳ ಜೊತೆ ಬಳಸ್ತಿರೋದು ಮೈಕ್ರೋಬಿಟ್ ಅನ್ನೋ ಪುಟ್ಟ ಬೋರ್ಡ್, ಅಂದ್ರೆ ಮಕ್ಕಳೇ ಪ್ರೋಗ್ರಾಮ್ ಬರೆದು ಓಡಿಸಬಹುದಾದ ಚಿಕ್ಕ ಕಂಪ್ಯೂಟರ್. ಪ್ರಾಜೆಕ್ಟ್ ಕೆಲಸಕ್ಕೆ ಇದು ಎಷ್ಟು ಒದಗುತ್ತೆ, ಎಲ್ಲಿ ಸಾಲಲ್ಲ ಅಂತ ಬರೀತಿದೀನಿ, ತಗೊಳ್ಳೋ ಯೋಚನೆ ಇರೋ ಟೀಚರ್‌ಗಳಿಗೆ ಉಪಯೋಗ ಆಗ್ಲಿ.

ಸುಮಾರು 4 ಸೆಂ.ಮೀ. ಅಗಲ 5 ಸೆಂ.ಮೀ. ಉದ್ದ, ಮುಂದೆ 25 ಎಲ್‌ಇಡಿ, ಎ ಮತ್ತು ಬಿ ಅಂತ ಎರಡು ಬಟನ್, ಅಲುಗಾಡಿಸಿದ್ರೆ ಗೊತ್ತಾಗೋ ಸೆನ್ಸರ್, ದಿಕ್ಕು ತೋರ್ಸೋ ಕಂಪಾಸ್. ಬಿಬಿಸಿ 2016ರಲ್ಲಿ ಬ್ರಿಟನ್ನಿನ 11–12 ವರ್ಷದ ಮಕ್ಕಳಿಗೆ ಫ್ರೀಯಾಗಿ ಹಂಚಿದ್ದು ಇದನ್ನೇ. 2020ರಲ್ಲಿ ಬಂದ ಎರಡನೇ ವರ್ಷನ್, ವಿ2ನಲ್ಲಿ ಮೈಕ್, ಸ್ಪೀಕರ್ ಸೇರಿದೆ. ತಗೊಳ್ಳೋದಾದ್ರೆ ವಿ2ನೇ ತಗೊಳ್ಳಿ, ಯಾಕಂದ್ರೆ ಅಳೆದಿದ್ದನ್ನ ಬೋರ್ಡಿನಲ್ಲೇ ಉಳಿಸಿಕೊಳ್ಳೋ ಡೇಟಾ ಲಾಗಿಂಗ್ ಹಳೇ ವಿ1ನಲ್ಲಿ ಇಲ್ಲ, ನನ್ನ ಪ್ರಕಾರ ಪ್ರೈಮರಿ ಮಕ್ಕಳಿಗೆ ಇದ್ರಿಂದ ಆಗೋ ದೊಡ್ಡ ಲಾಭನೇ ಅದು.

ಎಲ್‌ಇಡಿಗಳಲ್ಲಿ ಹೃದಯದ ಚಿತ್ರ ಮೂಡಿಸೋದು, ಹೆಸರು ಓಡಿಸೋದು, ಇದೆಲ್ಲ ಮೊದಲ ಪೀರಿಯಡ್‌ನಲ್ಲಿ ಮಕ್ಕಳಿಗೆ ತುಂಬಾ ಖುಷಿ ಕೊಡುತ್ತೆ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ಅದು ಪ್ರಾಜೆಕ್ಟ್ ಅಲ್ಲ. ಮಕ್ಕಳಿಗೆ ನಿಜವಾಗ್ಲೂ ಉತ್ತರ ಬೇಕು ಅನ್ಸೋ ಒಂದು ಪ್ರಶ್ನೆ ಬೇಕು. ನಮ್ಮ ಕ್ಲಾಸಿನಲ್ಲಿ ಆ ಪ್ರಶ್ನೆ ಹುಟ್ಟಿದ್ದು ಮಕ್ಕಳ ವಾದದಿಂದಾನೇ, "ಮಿಸ್, ಗಲಾಟೆ ಮಾಡೋದು ನಾವಲ್ಲ, ಹಿಂದಿನ ಬೆಂಚಿನವ್ರು" ಅಂತ ಮುಂದಿನವ್ರು, ಇಲ್ಲ ಅಂತ ಹಿಂದಿನವ್ರು, ಸರಿ ಹಾಗಾದ್ರೆ ನಮ್ಮ ಕ್ಲಾಸಿನಲ್ಲಿ ಜಾಸ್ತಿ ಸದ್ದು ಯಾವಾಗ, ಎಲ್ಲಿಂದ ಬರುತ್ತೆ ಅಂತ ಅಳೆದೇ ನೋಡೋಣ ಅಂದ್ವಿ.

ಈ ಬೋರ್ಡಿಗೆ ಪ್ರೋಗ್ರಾಮ್ ಬರೆಯೋದು ಮೇಕ್‌ಕೋಡ್ ಅನ್ನೋ ವೆಬ್‌ಸೈಟಿನಲ್ಲಿ, ಆದೇಶದ ಬ್ಲಾಕ್‌ಗಳನ್ನ ಎಳೆದು ಜೋಡಿಸಿ, ಇದಕ್ಕೆ ಬೇಕಾಗೋ ಬ್ಲಾಕ್‌ಗಳು ತುಂಬಾ ಕಮ್ಮಿ. ಇಷ್ಟು ಹೊತ್ತಿಗೊಂದ್ ಸಲ ಮೈಕಿನ ಸದ್ದಿನ ಮಟ್ಟ ನೋಡು, ಅದನ್ನ ಬರೆದಿಟ್ಕೋ, ಅಷ್ಟೇ. ಮೈಕ್ ಕೆಲಸ ಮಾಡ್ತಿರೋವಾಗ ಬೋರ್ಡ್ ಮೇಲಿನ ಮೈಕ್ ಗುರುತು ಬೆಳಗುತ್ತೆ, ಇದು ನನಗೆ ತುಂಬಾ ಹಿಡಿಸಿದ ವಿಷಯ, ಯಾಕಂದ್ರೆ "ನಮ್ಮ ಮಾತು ರೆಕಾರ್ಡ್ ಆಗುತ್ತಾ" ಅಂತ ಮಕ್ಕಳು ಕೇಳೇ ಕೇಳ್ತಾರೆ, ಈ ಪ್ರೋಗ್ರಾಮಿನಲ್ಲಿ ಉಳಿಯೋದು ಬರೀ ನಂಬರ್ ಅಂತ ಅವರಿಗೇ ಕೋಡ್ ತೋರಿಸಿ ಹೇಳಬಹುದು. ಆಮೇಲೆ ಯುಎಸ್‌ಬಿಗೆ ಹಾಕಿದ್ರೆ ಪೆನ್‌ಡ್ರೈವ್ ಥರ ತೆರ್ಕೊಳ್ಳುತ್ತೆ, ಒಳಗೆ ಮೈ ಡೇಟಾ ಅನ್ನೋ ಫೈಲ್, ಅದರಲ್ಲಿ ಟೇಬಲ್ ಇದೆ, ಒಂದು ಬಟನ್ ಒತ್ತಿದ್ರೆ ಗ್ರಾಫ್.

ಮೊದಲ ಗ್ರಾಫ್ ಬಂದಾಗ ಒಂದು ಗುಂಪಿನ ಗೆರೆ ಎಲ್ಲರಿಗಿಂತ ಎತ್ತರ ಹೋಗಿತ್ತು. ಆ ಗುಂಪಿನವ್ರು ಬೋರ್ಡನ್ನ ಬೆಂಚಿನ ಅಡಿಗೆ ಟೇಪ್ ಹಾಕಿ ಅಂಟಿಸಿದ್ರು, ಕಾಲು ತಾಗಿದಾಗಲೆಲ್ಲ ಬೆಂಚಿನ ಸದ್ದೇ ಅದಕ್ಕೆ ಕೇಳ್ತಿತ್ತು. ಅದನ್ನ ಕಂಡುಹಿಡಿದಿದ್ದು ನಾನಲ್ಲ, ಪಕ್ಕದ ಗುಂಪಿನ ಒಬ್ಬ ಹುಡುಗಿ. ಬೆಂಚಿಗೆ ಮೆಲ್ಲಗೆ ಕುಟ್ಟಿ "ನೋಡಿ ಮಿಸ್, ನಾನು ಮಾತೇ ಆಡಿಲ್ಲ, ನಂಬರ್ ಏರ್ತು" ಅಂದ್ಲು. ಮುಂದಿನ ಸಲ ಎಲ್ಲಾ ಗುಂಪಿನವ್ರೂ ಒಂದೇ ಎತ್ತರದಲ್ಲಿ, ಗೋಡೆಗೆ, ಒಂದೇ ರೀತಿ ಅಂಟಿಸಬೇಕು ಅಂತ ಮಕ್ಕಳೇ ರೂಲ್ ಮಾಡಿದ್ರು. ನ್ಯಾಯವಾದ ಪರೀಕ್ಷೆ ಅಂದ್ರೇನು ಅಂತ ಪಾಠ ಓದಿಸಿ ಇಷ್ಟು ಚೆನ್ನಾಗಿ ಹೇಳಿಕೊಡೋಕೆ ಆಗಲ್ಲ.

ಎರಡನೇ ಸಲದ ಗ್ರಾಫಿನಲ್ಲಿ ದೊಡ್ಡ ಏರಿಕೆ ಇದ್ದಿದ್ದು ಯಾರೋ ಹರಟೆ ಹೊಡೆಯೋ ಹೊತ್ತಲ್ಲಲ್ಲ, ಗುಂಪು ಬದಲಾಯಿಸೋಕೆ ಕುರ್ಚಿ ಎಳೆಯೋವಾಗ. ಹಿಂದಿನ ಬೆಂಚಿನವ್ರ ಮುಖ ನೋಡ್ಬೇಕಿತ್ತು! ಆಮೇಲೆ ಮಕ್ಕಳು ಕುರ್ಚಿ ಕಾಲಿಗೆ ಹಳೇ ಬಟ್ಟೆ ಕಟ್ಟಿ ಮತ್ತೆ ಅಳೆದ್ರು, ಏರಿಕೆ ತಗ್ಗಿತು, ಎರಡೂ ಗ್ರಾಫ್ ಪಕ್ಕಪಕ್ಕ ಅಂಟಿಸಿ ಹೆಡ್‌ಮಾಸ್ಟರ್‌ಗೆ ವಿವರಿಸಿದ್ರು. 1918ರಲ್ಲೇ ಅಮೆರಿಕದ ಶಿಕ್ಷಣ ತಜ್ಞ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ಪದ್ಧತಿ ಬಗ್ಗೆ ಬರೀತಾ ಮಕ್ಕಳು ಮನಸಾರೆ ಒಂದು ಉದ್ದೇಶ ಇಟ್ಕೊಂಡು ಮಾಡೋ ಕೆಲಸ ಅಂತ ಒತ್ತಿ ಹೇಳಿದ್ದು ಇದನ್ನೇ, ಬೋರ್ಡ್ ಇಲ್ದೇನೂ ಅದು ಸಾಧ್ಯ, ಆದ್ರೆ ಕಿವಿಗೆ ಕೇಳೋದನ್ನ ಹತ್ತು ವರ್ಷದ ಮಗು ತಾನೇ ನಂಬರ್ ಮಾಡೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಈಗ ತಗೊಳ್ಳೋ ಮುಂಚೆ ತಿಳ್ಕೊಂಡಿರಬೇಕಾದ ವಿಷಯಗಳು. ಸದ್ದಿನ ಮಟ್ಟ 0ಯಿಂದ 255ರವರೆಗಿನ ನಂಬರ್, ಡೆಸಿಬಲ್ ಅಲ್ಲ, ಹೋಲಿಸೋಕೆ ಸರಿ, "ನಮ್ಮ ಕ್ಲಾಸ್ ಇಷ್ಟು ಡೆಸಿಬಲ್" ಅಂತ ಚಾರ್ಟಿನಲ್ಲಿ ಬರೆಯೋ ಹಾಗಿಲ್ಲ. ಟೆಂಪರೇಚರ್ ಕೂಡ ಪ್ರೊಸೆಸರ್ ಚಿಪ್ಪಿನದ್ದು, ರೂಮಿಗಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ಹವಾಮಾನದ ಪ್ರಾಜೆಕ್ಟ್ ಮಾಡೋರು ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟು ವ್ಯತ್ಯಾಸ ನೋಡ್ಕೊಳ್ಳಿ. ಬೆಳಕು ಅಳೆಯೋಕೆ ಬೇರೆ ಸೆನ್ಸರ್ ಇಲ್ಲ, ಆ ಎಲ್‌ಇಡಿಗಳೇ ಆ ಕೆಲಸ ಮಾಡುತ್ವೆ (ಇದನ್ನ ಹೇಳಿದ್ರೆ ಮಕ್ಕಳು ಕಣ್ಣರಳಿಸ್ತಾರೆ). ಹೊಸ ಪ್ರೋಗ್ರಾಮ್ ಹಾಕಿದ್ರೆ ಹಳೇ ಡೇಟಾ ಅಳಿಸಿ ಹೋಗುತ್ತೆ, ಹಾಗಾಗಿ ಮೊದಲು ಡೌನ್‌ಲೋಡ್, ಆಮೇಲೆ ಕೋಡ್ ಬದಲಾವಣೆ, ಇದನ್ನ ಕ್ಲಾಸಿನ ಕಪ್ಪು ಹಲಗೆ ಮೇಲೆ ದೊಡ್ಡದಾಗಿ ಬರೆದಿಡಿ.

ಕೇಸ್ ಇಲ್ಲದ ಬರೀ ಬೋರ್ಡ್, ಕೆಳಗಿನ 3 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗೆ ಒಟ್ಟಿಗೆ ಲೋಹ ತಾಗಬಾರದು, ಮೊದಲ ದಿನಾನೇ ಹೇಳ್ಬೇಕು. ಮೇಕ್‌ಕೋಡ್‌ನಲ್ಲಿ ಬೋರ್ಡನ್ನ ಸ್ಕ್ರೀನ್ ಮೇಲೇ ತೋರ್ಸೋ ಸಿಮ್ಯುಲೇಟರ್ ಚೆನ್ನಾಗಿದೆ, ಬೋರ್ಡ್ ಕಮ್ಮಿ ಇದ್ರೂ ಎಲ್ರೂ ಸ್ಕ್ರೀನ್ ಮೇಲೆ ಪ್ರಯತ್ನಿಸಬಹುದು. ಮಕ್ಕಳಿಗೆ ಅಕೌಂಟ್ ಬೇಕಿಲ್ಲ, ಇದು ದೊಡ್ಡ ಪ್ಲಸ್. ಆದ್ರೆ ಕಂಪ್ಯೂಟರ್ ಅಂತೂ ಬೇಕು, ಮತ್ತೆ ಟೀಚರ್ ಟೈಮ್ ಬೇಕು, 40 ನಿಮಿಷದ ಪೀರಿಯಡ್‌ನಲ್ಲಿ ಬೋರ್ಡ್ ಹಂಚಿ, ಕೋಡ್ ಹಾಕಿ, ಅಳೆದು, ಮಾತಾಡಿ ಮುಗಿಸೋಕೆ ಆಗೋದೇ ಇಲ್ಲ, ಎರಡು ಪೀರಿಯಡ್ ಒಟ್ಟಿಗೆ ಸಿಗೋ ಹಾಗೆ ಟೈಮ್‌ಟೇಬಲ್ ಮಾಡಿಸ್ಕೊಳ್ಳಿ. ಗುಂಪಿಗೆ ಮೂರು ಜನಕ್ಕಿಂತ ಜಾಸ್ತಿ ಬೇಡ, ಮೌಸ್ ಹಿಡಿಯೋ ಮಗು ಪ್ರತಿ ಸಲ ಬದಲಾಗಲಿ, ಇಲ್ಲಾಂದ್ರೆ ಚುರುಕಾಗಿರೋ ಒಬ್ಬರೇ ಎಲ್ಲ ಮಾಡಿಬಿಡ್ತಾರೆ.

ಒಂದು, ಎರಡನೇ ಕ್ಲಾಸಿಗೆ ಇದು ಬೇಡ, ಅವರಿಗೆ ಪುಟ್ಟ ಮಕ್ಕಳ ಕೋಡಿಂಗ್ ಆ್ಯಪ್ ಸ್ಕ್ರ್ಯಾಚ್ ಜೂನಿಯರ್ ಸಾಕು, ಅದರ ಬ್ಲಾಕ್‌ಗಳಲ್ಲಿ ಅಕ್ಷರದ ಬದಲು ಚಿತ್ರ ಇರುತ್ತೆ, ಓದೋಕೆ ಬರದ ಮಗೂನೂ ಕಥೆ ಕಟ್ಟುತ್ತೆ. ನಾಲ್ಕು, ಐದನೇ ಕ್ಲಾಸಿಗಾದ್ರೆ ಮೈಕ್ರೋಬಿಟ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಟ್ ಮಾಡಿದ್ದು ಡೇಟಾ ಅಳಿಸಿ ಹೋಗೋ ವಿಷಯಕ್ಕೆ, ಕಷ್ಟಪಟ್ಟು ಅಳೆದ ಮಗುವಿಗೆ ಅದು ತುಂಬಾ ಬೇಜಾರಿನ ಸಂಗತಿ.