ಟ್ರೇಲರ್‌ಗೆ ಮಾಡಿಸಿದ ಕಟಗಿ ಒಲಿ: ವೆಲ್ಡಿಂಗ್‌ಗೆ ಐದಕ್ಕ ಐದು, ಪೈಪಿಗೆ ಸೊನ್ನಿ

ಹುಬ್ಬಳ್ಳಿಯಾಗ ಕುಂತು ರೂಮ್ ಬೆಚ್ಚಗ ಮಾಡೋ ಒಲಿ ಬಗ್ಗೆ ರಿವ್ಯೂ ಬರ್ಯಾಕತ್ತೀನಿ ಅಂದ್ರ ನಗ್ತೀರಿ ಅಂತ ಗೊತ್ತೈತಿ, ನಮ್ಮವ್ವನೂ ನಕ್ಳು, "ಏಪ್ರಿಲ್‌ದಾಗ ಫ್ಯಾನ್ ಕೆಳಗ ಕುಂತು ಒಲಿ ಮಾಡಸ್ತೀಯಲ್ಲೋ ತಮ್ಮಾ" ಅಂತ. ಆದ್ರ ಬೊಲೆರೊ ಹಿಂದ ಕಟ್ಟೋ ಒಂದು ಸಣ್ಣ ಕ್ಯಾಂಪಿಂಗ್ ಟ್ರೇಲರ್ ಐತಿ ನಮ್ಮ ಕಡೆ, ಒಳಗ 10 ಫೂಟ್ ಉದ್ದ, 6 ಅಗಲ, 6 ಎತ್ತರ, ಹಿಂದಿನ ಜನವರಿಯಾಗ ಅದನ್ನ ತಗೊಂಡು ಊಟಿಗೆ ಹೋಗಿ ಎರಡು ರಾತ್ರಿ ನಾಕು ಕೌದಿ ಹೊದ್ದ್ರೂ ಹಲ್ಲು ಕಟಕಟ ಅಂತಿದ್ವು. ಮುಂಜಾನೆ ಎದ್ದು ನೋಡಿದ್ರ ಹೊರಗ ಹುಲ್ಲಿನ ಮ್ಯಾಲ ಇಬ್ಬನಿ ಬೆಳ್ಳಗ ಹೆಪ್ಪುಗಟ್ಟಿತ್ತು, ಒಳಗ ಕಿಟಕಿ ಗಾಜಿಂದ ನೀರು ತಟತಟ ಹಾಸಿಗಿ ಮ್ಯಾಲ. ಗ್ಯಾಸ್ ಹೀಟರ್ ಇಡ್ರಿ ಅಂತ ಭಾಳ ಮಂದಿ ಹೇಳಿದ್ರು, ಆದ್ರ ಪೈಪ್ ಇಲ್ಲದ ಹೀಟರ್‌ನ್ಯಾಗ ಗ್ಯಾಸ್ ಉರದಾಗ ಹುಟ್ಟೋ ನೀರಿನ ಆವಿ ಎಲ್ಲಾ ಒಳಗ ಉಳೀತೈತಿ, ಗಾಜು ಇನ್ನೂ ಬೆವರ್ತೈತಿ. ಕಟಗಿ ಒಲಿ ಆದ್ರ ಹೊಗಿ ಜೋಡಿ ಆವಿನೂ ಪೈಪಿನ್ಯಾಗಿಂದ ಹೊರಗ ಹೋಗ್ತೈತಿ.

ಹೊರದೇಶದ ರೆಡಿಮೇಡ್ ಒಲಿ ಆನ್‌ಲೈನ್ ನೋಡಿದೆ, ರೇಟ್ ನೋಡಿ ಸುಮ್ನ ಫೋನ್ ಕೆಳಗಿಟ್ಟೆ. ಗೋಕುಲ ರೋಡ್ ಕಡೆ ಒಂದು ಫ್ಯಾಬ್ರಿಕೇಶನ್ ಶೆಡ್ ಐತಿ, ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲಿ ರಿಪೇರಿ ಮಾಡ್ತಾರ, ಅಲ್ಲಿ ಹೋದೆ. ಹೆಸರು ಬರ್ಯಂಗಿಲ್ಲ, ಯಾಕಂದ್ರ ಕೆಳಗ ಬೈದೀನಿ, ಮತ್ತ ತಪ್ಪು ಅರ್ಧಾ ನಂದೂ ಐತಿ. ಮಾಲಕ್ರಿಗೆ ಮೊದ್ಲ ತಿಳೀಲೇ ಇಲ್ಲ. "ತಂದೂರ್ ಏನ್ರಿ ಸರ?" ಅಂದ್ರು. ಅಲ್ರಿ ಅಂದೆ. "ಇಸ್ತ್ರಿ ಅಂಗಡಿಗೇನ್ರಿ?" ಕಡೀಕ ನಾನು "ನೀರು ಕಾಸೋ ತಾಮ್ರದ ಬಂಬ ಇರ್ತೈತಲ್ರಿ, ಕೆಳಗ ಬೆಂಕಿ ನಡುವ ಕೊಳವಿ, ಹಂತಾದ, ಆದ್ರ ನೀರು ಬ್ಯಾಡ, ಗಾಳಿ ಕಾಸಬೇಕು" ಅಂದ ಕೂಡ್ಲೇ "ಹಾಂ, ಹಿಂಗ ಹೇಳ್ರಿ ಮತ್ತ!" ಅಂತ ಚಾಕ್‌ಪೀಸ್ ತಗೊಂಡು ಅಲ್ಲೇ ನೆಲದ ಮ್ಯಾಲ ಚಿತ್ರಾ ಬರದ್ರು. ಆ ಬಂಬ ಅನ್ನೋ ಮಾತು ಆಮೇಲೆ ನನಗ ಕಷ್ಟಕ್ಕ ಬಂತು ಅನ್ನೋದು ಬ್ಯಾರೆ ಮಾತು.

ಒಲಿ ಹೆಂಗೈತಿ ಅಂದ್ರ, 4 ಎಂಎಂ ಎಂಎಸ್ (ಸಾದಾ ಉಕ್ಕು) ಪ್ಲೇಟಿನ ಡಬ್ಬಿ, 14 ಇಂಚ್ ಉದ್ದ, 10 ಅಗಲ, 10 ಎತ್ತರ, ಒಳಗ ಭಟ್ಟಿ ಇಟ್ಟಂಗಿ ಸೀಳಿ ತೆಳ್ಳಗ ಮಾಡಿ ಕೆಳಗ ಮತ್ತ ಎರಡೂ ಬಾಜೂಕ ಹಚ್ಚೇವಿ. ಮ್ಯಾಲ ಒಂದು ಅಡ್ಡ ತಗಡು, ಬೆಂಕಿ ಹಿಂದಿಂದ ಸೀದಾ ಪೈಪಿಗೆ ಓಡಬಾರ್ದು, ಮುಂದ ಬಂದು ಸುತ್ತು ಹಾಕಿ ಹೋಗಬೇಕು ಅಂತ, ಇದಿಲ್ಲಂದ್ರ ಕಾವು ಅರ್ಧಾ ಆಕಾಶಕ್ಕ. ಎಲ್ಲಾ ಸೇರಿ ಸುಮಾರು 30 ಕಿಲೋ, ಟ್ರೇಲರ್ ನೆಲಕ್ಕ ನಾಕು ಬೋಲ್ಟ್ ಹಾಕಿ ಬಿಗದೀನಿ, ರೋಡಿನ ಗುಂಡಿಯಾಗ ಇಂಥಾದ್ದು ಉರುಳ್ತು ಅಂದ್ರ ಕಾಲು ಹೋದಂಗ.

ವೆಲ್ಡಿಂಗ್ ಮಾಡಿದ ಹುಡುಗ ಇಪ್ಪತ್ತು ಇಪ್ಪತ್ತೊಂದರಾಂವ ಇರಬೇಕು, ಏನ್ ಕೈರೀ ಅಂವಂದು. ಮೂಲಿಮೂಲಿಗೂ ಒಂದೇ ಸಮ ವೆಲ್ಡ್, ಡಬ್ಬಿಯೊಳಗ ನೀರು ತುಂಬಿಸಿ ಲೀಕ್ ನೋಡಿದಾ, ಒಂದ್ ಹನಿ ಬರ್ಲಿಲ್ಲ. ಬಾಗಲಾ ಸುತ್ತ ಗ್ಲಾಸ್ ಫೈಬರ್ ಹಗ್ಗ ಹಚ್ಚಿದ್ವಿ, ಅದು ಬರೋಬ್ಬರಿ ಕುಂತೈತೋ ಇಲ್ಲೋ ನೋಡಾಕ 10 ರೂಪಾಯಿ ನೋಟು ಬಾಗಲಾ ಸಂದ್ಯಾಗ ಇಟ್ಟು ಮುಚ್ಚಿ ಎಳೀಬೇಕು, ಸರಳ ಜಾರಿ ಬಂತಂದ್ರ ಅಲ್ಲಿ ಗಾಳಿ ಹೋಗ್ತೈತಿ ಅಂತ. ಬಿಜಾಗರಿ ಕಡೆ ನೋಟು ಜಾರ್ತು. ಹುಡುಗ ಏನೂ ಮಾತಾಡ್ಲಿಲ್ಲ, ಬಿಜಾಗರಿ ಕತ್ತರಿಸಿ ತಗದು ಎರಡು ಎಂಎಂ ಒಳಗ ಸರಿಸಿ ಮತ್ತ ಬೆಸದಾ, ಆಮೇಲೆ ತಾನ ತನ್ನ ಕಿಸೆದಾಗಿಂದ ನೋಟು ತಗದು ನಾಕೂ ಕಡೆ ಎಳದು ತೋರಿಸಿದಾ. ಈ ರಿವ್ಯೂದಾಗ ಇರೋ ಸ್ಟಾರ್ ಎಲ್ಲಾ ಆ ಹುಡುಗಂದು.

ಈಗ ಬೈಗಳ. ನಾನು ಪೈಪು ಸ್ಟೇನ್‌ಲೆಸ್ ಬೇಕು, 3 ಇಂಚಿಂದು ಅಂತ ಹೇಳಿ ಬಂದಿದ್ದೆ. ತರಾಕ ಹೋದ್ರ ಜಿಐ, ಅಂದ್ರ ಸತು ಲೇಪಿಸಿದ ಕಬ್ಬಿಣದ ಪೈಪ್ ಹಚ್ಚಿಟ್ಟಾರ, ಮಿರಿಮಿರಿ ಮಿಂಚ್ತಿತ್ತು, ನಾನೂ ಮರುಳಾಗಿ ನೋಡ್ಲಿಲ್ಲ, ಅದು ಸ್ಟೇನ್‌ಲೆಸ್ಸೇ ಅಂದ್ಕೊಂಡೆ. ಮನಿಗೆ ತಂದು ಅಂಗಳದಾಗ ಇಟ್ಟು ಮೊದಲ ಸಲ ಬೆಂಕಿ ಹಚ್ಚಿದ್ರ ಪೇಂಟ್ ವಾಸನಿ ಬಂತು, ಅದು ಬರೋದ, ಹೀಟ್ ಪೇಂಟ್ ಮೊದಲ ಎರಡು ಮೂರು ಬೆಂಕಿಗೆ ಹೊಗಿ ಬಿಟ್ಟ ಗಟ್ಟಿ ಆಗ್ತೈತಿ, ಅದಕ್ಕ ಅಂಗಳದಾಗ ಹಚ್ಚಿದ್ದು. ಆದ್ರ ಪೈಪಿನ ಬುಡದಾಗ ಹಳದಿ ಬಣ್ಣ ಕಾಣಿಸ್ತು, ತಣ್ಣಗಾದ ಮ್ಯಾಲ ನೋಡಿದ್ರ ಅದ ಜಾಗಾದಾಗ ಬೆಳ್ಳನ ಪುಡಿ. ಅಲ್ಲಿಗೆ ತಿಳೀತು, ಸತುವಿನ ಲೇಪ ಸುಟ್ಟಿದ್ದು, ಸತುವಿನ ಬೂದಿ ಬಿಸಿ ಇದ್ದಾಗ ಹಳದಿ, ಆರಿದ್ರ ಬಿಳಿ. ಸತು ಸುಮಾರು 420 ಡಿಗ್ರಿಗೆ ಕರಗ್ತೈತಿ, ಇಷ್ಟು ಸಣ್ಣ ಒಲಿಯ ಪೈಪಿನ ಬುಡ ಕೆಂಪಗಾಗಾಕ ನಾಕು ಜಾಲಿ ಕಟಗಿ ಸಾಕು. ಆ ಹೊಗಿ ಮೂಗಿಗೆ ಹೋದ್ರ ರಾತ್ರಿ ಜ್ವರ, ಮೈ ನಡುಕ, ವೆಲ್ಡಿಂಗ್ ಮಾಡೋರಿಗೆ ಇದು ಚಲೋ ಗೊತ್ತು. ಫೋನ್ ಮಾಡಿದ್ರ ಮಾಲಕ್ರು "ಏನಾಗಂಗಿಲ್ರಿ ಸರ, ನಮ್ಮ ಹುಡುಗ್ರು ದಿನಾ ಅದನ್ನ ಕುಡೀತಾರ, ಬೆಲ್ಲ ತಿಂದ್ರ ಆತು" ಅಂದ್ರು! ಬೆಲ್ಲ ತಿಂದು ಮಲಗೋ ಟ್ರೇಲರ್ ನಮಗ ಬ್ಯಾಡ್ರಿ.

ಎರಡನೇದು, ಛಾವಣಿ ತೂತು. ಟ್ರೇಲರ್ ಛಾವಣಿ ಅಂದ್ರ ಹೊರಗ ಪತ್ರಾ, ಒಳಗ ಪ್ಲೈವುಡ್, ನಡುವ ಥರ್ಮಾಕೋಲ್. 3 ಇಂಚಿನ ಪೈಪಿಗೆ ಮೂರೂವರಿ ಇಂಚಿನ ತೂತು ಕೊರದು ಮ್ಯಾಲ ಸಿಲಿಕಾನ್ ಬಳದು ಬಿಟ್ಟಿದ್ರು. ಥರ್ಮಾಕೋಲ್ ಕುದಿಯೋ ನೀರಿನಷ್ಟು ಬಿಸಿಗೇ ಮೆತ್ತಗಾಗ್ತೈತಿ, ಮುಂದ ಹತ್ತಿದ್ರ ಉರದು ಸೋರ್ತೈತಿ. ಬಂಬದ ಪೈಪು ಬಚ್ಚಲ ಮನಿ ಹಂಚಿನಿಂದ ಹೊರಗ ಹೋಗ್ತಿತ್ತು, ಹಂಚಿಗೆ ಏನಾಗ್ಬೇಕು, ಮಾಲಕ್ರ ತಲಿಯಾಗ ಅದ ಚಿತ್ರಾ. ವಾಪಸ್ ಒಯ್ದು ಜಗಳಾ ಅಲ್ಲ, ಒಂದು ತಾಸು ಕುಂತು ಮಾತಾಡಿದೆ. ಪೈಪ್ 304 ಗ್ರೇಡಿನ ಸ್ಟೇನ್‌ಲೆಸ್‌ಗೆ ಬದಲಿ ಮಾಡಿದ್ರು, ತೂತು 9 ಇಂಚಿಗೆ ದೊಡ್ಡದು ಮಾಡಿ ಸುತ್ತ ಸಿಮೆಂಟ್ ಬೋರ್ಡಿನ ಚೌಕಟ್ಟು ಹಾಕಿ, ಛಾವಣಿ ದಾಟೋ ಕಡೆ ಪೈಪಿಗೆ ಮ್ಯಾಲೊಂದು ಪೈಪು ತೊಡಿಸಿದ್ರು. ಕೂಲಿ ತಗೊಳ್ಳಿಲ್ಲ, ಸಾಮಾನಿನ ರೊಕ್ಕ ಅಷ್ಟ ತಗೊಂಡ್ರು. ಅದಕ್ಕ ಮರ್ಯಾದಿ ಐತಿ.

ಇನ್ನು ನನ್ನ ತಪ್ಪು. ಗಾಳಿ ಎಲ್ಲಿಂದ ಬರಬೇಕು ಅಂತ ನಾನ ವಿಚಾರ ಮಾಡಿದ್ದಿಲ್ಲ. ಒಂದು ಕಿಲೋ ಒಣ ಕಟಗಿ ಪೂರ್ತಿ ಉರೀಬೇಕಂದ್ರ ಸುಮಾರು 6 ಕಿಲೋ ಗಾಳಿ ಬೇಕು, ಅಂದ್ರ ಹತ್ರಹತ್ರ 180 ಘನ ಫೂಟ್, ನಮ್ಮ ಟ್ರೇಲರ್ ಇಡೀ ಹಿಡಿಯೋದು 360. ಖರೇ ಒಲಿಯಾಗ ಇದರ ದುಪ್ಪಟ್ಟು ಎಳೀತೈತಿ, ಅಂದ್ರ ಒಂದು ಕಿಲೋ ಕಟಗಿಗೆ ಟ್ರೇಲರ್‌ನ ಗಾಳಿ ಎಲ್ಲಾ ಒಂದ್ ಸಲ ಖಾಲಿ! ಈಗ ನೆಲದಾಗ ಎರಡು ಇಂಚಿನ ತೂತು ಕೊರದು ಜಾಳಿಗಿ ಹಚ್ಚಿ ಒಲಿ ಕೆಳಗ ಗಾಳಿ ತಂದೀನಿ. ಹಿಂದಿನ ಗ್ವಾಡಿಗೆ ಸಿಮೆಂಟ್ ಬೋರ್ಡ್ ಹಚ್ಚೀನಿ, ಗ್ವಾಡಿಗೆ ಅಂಟಿಸಿ ಅಲ್ಲ, ಒಂದು ಇಂಚ್ ಸಂದಿ ಬಿಟ್ಟು, ಆ ಸಂದ್ಯಾಗ ಗಾಳಿ ಆಡಿದ್ರನ ಗ್ವಾಡಿ ತಣ್ಣಗಿರ್ತೈತಿ.

ಈ ಜನವರಿಯಾಗ ಮತ್ತ ಊಟಿ. ಬಂಡೀಪುರದಾಗ ರಾತ್ರಿ 9ರಿಂದ ಮುಂಜಾನೆ 6ರ ತನಕ ಗಾಡಿ ಬಿಡಂಗಿಲ್ಲ, ನೀಲಗಿರಿಗೆ ಇ-ಪಾಸ್ ಬ್ಯಾರೆ, ಅದನ್ನೆಲ್ಲಾ ಮಾಡ್ಕೊಂಡು ಗೂಡಲೂರ್ ಮ್ಯಾಲೆ ಹತ್ತಿ ಪರಿಚಯದವರ ತೋಟದಾಗ ನಿಲ್ಸಿದ್ವಿ. ಹೊರಗ 4 ಡಿಗ್ರಿ, ಒಳಗ 8. ಒಲಿ ಹಚ್ಚಿದ್ರ ಹೊಗಿ ಎಲ್ಲಾ ನಮ್ಮ ಮಾರಿಗೆ, ಯಾಕಂದ್ರ ಪೈಪ್ ತಣ್ಣಗಿದ್ರ ಅದ್ರಾಗಿನ ತಂಪು ಗಾಳಿ ಮ್ಯಾಲ ಏರಂಗಿಲ್ಲ. ಒಂದು ಹಾಳಿ ಪೇಪರ್ ಸುರುಳಿ ಮಾಡಿ ಅಡ್ಡ ತಗಡಿನ ಮ್ಯಾಲ ಪೈಪಿನ ಬಾಯಿ ಹತ್ರ ಉರಿಸಿದೆ, ಬುಸ್ ಅಂತ ಎಳ್ಕೊಂತು, ಅಲ್ಲಿಂದ ಮುಂದ ಒಂದು ಎಳಿ ಹೊಗಿ ಇಲ್ಲ. ಅರ್ಧಾ ತಾಸಿಗೆ 24 ಡಿಗ್ರಿ. ನಮ್ಮ ಮನ್ಯಾಕಿ ಸ್ವೆಟರ್ ತಗದ್ಲು, ಒಲಿ ಮ್ಯಾಲ ಚಾ ಇಟ್ಲು, ಬಾಜೂಕ ಖಡಕ್ ರೊಟ್ಟಿ ಬೆಚ್ಚಗ ಮಾಡಿ ಶೇಂಗಾ ಚಟ್ನಿ ಹಚ್ಕೊಂಡು ತಿಂದ್ವಿ, ಗಾಜು ಒಂದ್ ಹನಿ ಬೆವರ್ಲಿಲ್ಲ.

ತೊಂದ್ರಿ ಏನೂ ಇಲ್ಲ ಅಂದ್ರ ಸುಳ್ಳು. ಗೇಣುದ್ದದ ಕಟಗಿ ಅಷ್ಟ ಹಿಡೀತೈತಿ, ಅರ್ಧಾ ತಾಸಿಗೊಮ್ಮೆ ಹಾಕ್ಕೋತ ಕುಂದ್ರಬೇಕು. ಅಲ್ಲೇ ಸಿಕ್ಕ ನೀಲಗಿರಿ ಮರದ ಕಟಗಿ ಹಸಿ ಇತ್ತು, ತುದಿಗೆ ನೊರಿ ಬಂದು ಸುಂಯ್ ಅಂತ ಕುಂತು ಪೈಪಿನ ತುಂಬ ಕರಿ ಡಾಂಬರು ಬಳೀತು, ಅದು ಪೈಪಿನೊಳಗ ಹತ್ಕೊಂಡ್ರ ಕಥಿ ಮುಗೀತು, ಮನಿಯಿಂದ ಒಯ್ದ ಒಣ ಬಳ್ಳಾರಿ ಜಾಲಿ ಒಂದು ಚೀಲಾ ಇದ್ದದ್ದು ಪುಣ್ಯಾ. ರಾತ್ರಿ ಬೆಂಕಿ ಇಟ್ಟು ಮಲಗಂಗಿಲ್ಲ, ಹೊಗಿ ನಿಂತು ಕೆಂಡ ಉಳಿದಾಗನ ಕಾರ್ಬನ್ ಮೊನಾಕ್ಸೈಡ್ ಭಾಳ, ಅದಕ್ಕ ಬಣ್ಣಿಲ್ಲ ವಾಸನಿಲ್ಲ, ಕೆಂಡದ ಸಿಗಡಿ ಒಳಗಿಟ್ಕೊಂಡು ಮಲಗಿ ಏಳದೋರ ಸುದ್ದಿ ಚಳಿಗಾಲದಾಗ ಪೇಪರ್‌ನ್ಯಾಗ ಬರ್ತಾವಲ್ರಿ, ಅದ. ಆ ಗ್ಯಾಸ್ ಬಂದ್ರ ಕೂಗೋ ಅಲಾರಂ ಒಂದು ಆನ್‌ಲೈನ್ ತರಿಸಿ ದಿಂಬಿನ ಹತ್ರ ಹಚ್ಚೀನಿ, ಆದ್ರೂ ಕೆಂಡ ಪೂರ್ತಿ ಆರಿದ ಮ್ಯಾಲನ ಮಲಗೋದು, ನಸಿಕಿನ್ಯಾಗ 4ಕ್ಕ ಥಂಡಿ ಮತ್ತ ಒಳಗ ಬಂದಿರ್ತೈತಿ, ಕೌದಿ ಬೇಕ ಬೇಕು.

ಒಟ್ಟು ಖರ್ಚು, ರಿಪೇರಿ ಪೈಪು ಸೇರಿ, 11,400 ರೂಪಾಯಿ. ನನ್ನ ಲೆಕ್ಕದಾಗ ಐದಕ್ಕ ಮೂರೂವರಿ. ಇಂಥಾ ಶೆಡ್‌ಗೆ ಹೋಗೋರು ಪೈಪು ಯಾವ್ದು, ತೂತು ಎಷ್ಟು ಅಂತ ಹಾಳಿ ಮ್ಯಾಲ ಬರದು ಮಾಲಕ್ರ ಕೈಯಾಗ ಕೊಟ್ಟ ಬರ್ರಿ, ಬಾಯಿಮಾತು ಬ್ಯಾಡ, ಬಂಬ ಅನ್ನೋ ಶಬ್ದ ಅಂತೂ ಎತ್ಲೇಬ್ಯಾಡ್ರಿ. ಬಾಗಲದ ಕಡಿ ಘಾಟಿನ್ಯಾಗ ಅಲುಗಾಡಿ ಸ್ವಲ್ಪ ಸಡಲ ಆಗೈತಿ, ಶನಿವಾರ ಒಯ್ತೀನಿ, ಆ ಹುಡುಗ ಇದ್ದಾಗಷ್ಟ ಹೋಗಬೇಕು, ಮಧ್ಯಾಹ್ನ ಊಟಕ್ಕ ಹೋದ್ರ 4ರ ತನಕ ಸಿಗಂಗಿಲ್ಲ ಅಂವಾ.