ಎಲ್ಗರ್ ಅವರ ‘ಜೆರಾಂಟಿಯಸ್’: ಮೂರು ರೆಕಾರ್ಡಿಂಗ್‌ಗಳಲ್ಲಿ ನನ್ನ ಆಯ್ಕೆ ಲೈವ್, ಅದೂ ಡಿಸ್ಕ್‌ನಲ್ಲಿ

ಇಂಗ್ಲಿಷ್ ಸಂಗೀತ ಸಂಯೋಜಕ ಎಲ್ಗರ್ ಅವರ ‘ದಿ ಡ್ರೀಮ್ ಆಫ್ ಜೆರಾಂಟಿಯಸ್’ ಹಾಡುಗಾರರು, ಕೋರಸ್, ಆರ್ಕೆಸ್ಟ್ರಾ ಎಲ್ಲ ಸೇರಿದ ದೊಡ್ಡ ಕೃತಿ. ಅದರ ರೆಕಾರ್ಡಿಂಗ್ ಯಾರದ್ದು ಕೊಳ್ಳಲಿ ಎಂದು ಕೇಳಿದರೆ ನಾನು ಯೋಚಿಸುವುದೇ ಇಲ್ಲ. 2005ರ ಡಿಸೆಂಬರ್‌ನಲ್ಲಿ ಲಂಡನ್ನಿನ ಬಾರ್ಬಿಕನ್ ಹಾಲ್‌ನಲ್ಲಿ ಕಂಡಕ್ಟರ್ ಕಾಲಿನ್ ಡೇವಿಸ್ ನಡೆಸಿದ ಲೈವ್ ರೆಕಾರ್ಡಿಂಗ್ ಕೊಳ್ಳಿ. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸ್ವಂತ ಲೇಬಲ್‌ನಲ್ಲಿದೆ. ಆದರೆ ಎಂಪಿ3 ಮಾತ್ರ ಬೇಡ.

ಇದಕ್ಕೆ ಪೈಪೋಟಿ ಕೊಡುವವು ಎರಡು. ಒಂದು, ಕಂಡಕ್ಟರ್ ಬಾರ್ಬಿರೋಲಿ ತಮ್ಮ ಹ್ಯಾಲೆ ಆರ್ಕೆಸ್ಟ್ರಾ ಜೊತೆ 1964ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮಾಡಿದ್ದು. ಇನ್ನೊಂದು, 1975ರಲ್ಲಿ ಕಂಡಕ್ಟರ್ ಏಡ್ರಿಯನ್ ಬೋಲ್ಟ್ ನ್ಯೂ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮಾಡಿದ್ದು. ಎರಡರಲ್ಲೂ ಎದುರಿಗೆ ಕೇಳುಗರಿಲ್ಲ.

ಎಂಪಿ3 ಯಾಕೆ ಬೇಡ ಅಂತೀನಿ, ಕೇಳಿ. ಡೇವಿಸ್ ರೆಕಾರ್ಡಿಂಗ್ ನಾನು ಮೊದಲು ಒಂದು ಆನ್‌ಲೈನ್ ಅಂಗಡಿಯಲ್ಲಿ ಎಂಪಿ3 ಆಗಿ ಕೊಂಡೆ. ಈ ಕೃತಿಯಲ್ಲಿರುವುದು ಎರಡು ಭಾಗ. ಸಾಯುತ್ತಿರುವ ಮುದುಕ ಜೆರಾಂಟಿಯಸ್‌ನ ಪ್ರಾರ್ಥನೆ ಮೊದಲನೆಯದು, ಅವನ ಆತ್ಮ ದೇವರ ಮುಂದೆ ಹೋಗುವುದು ಎರಡನೆಯದು. ಒಂದೊಂದು ಭಾಗದೊಳಗೂ ಸಂಗೀತ ಎಲ್ಲೂ ನಿಲ್ಲುವುದಿಲ್ಲ. ಟ್ರ್ಯಾಕ್ ನಂಬರುಗಳು ಹುಡುಕಲು ಅನುಕೂಲವಾಗಲಿ ಎಂದು ಹಾಕಿದವು, ಅಷ್ಟೇ. ನನ್ನ ಪ್ಲೇಯರ್ ಮಾತ್ರ ಪ್ರತಿ ಟ್ರ್ಯಾಕ್ ಮುಗಿದಾಗಲೂ ಒಂದು ಚೂರು ಮೌನ ತುರುಕುತ್ತಿತ್ತು.

ಎರಡನೇ ಭಾಗದಲ್ಲಿ ದೇವದೂತೆ ಹೊಸ್ತಿಲು ದಾಟುವ ಮಾತು ಹಾಡುತ್ತಾಳೆ, ಆರ್ಕೆಸ್ಟ್ರಾ ಏರುತ್ತಾ ಹೋಗುತ್ತದೆ, ಇಡೀ ಕೋರಸ್ ‘ಪ್ರೇಯ್ಸ್ ಟು ದಿ ಹೋಲಿಯೆಸ್ಟ್’ ಎಂದು ಒಮ್ಮೆಗೇ ಎತ್ತಿಕೊಳ್ಳುತ್ತದೆ. ಸರಿಯಾಗಿ ಅಲ್ಲೇ ಕಡಿತ! ಅಷ್ಟು ಹೊತ್ತು ಕಟ್ಟಿದ್ದೆಲ್ಲ ಹಾಳು. ಲೈವ್‌ನಲ್ಲಿ ಇದು ಇನ್ನೂ ಜಾಸ್ತಿ ಚುಚ್ಚುತ್ತದೆ. ಜನ ತುಂಬಿದ ಹಾಲ್‌ಗೆ ತನ್ನದೇ ಸದ್ದಿರುತ್ತದೆ, ಯಾರೂ ಹಾಡದಿದ್ದರೂ ಅದು ಇರುತ್ತದೆ. ಆ ಸದ್ದೂ ಪೂರ್ತಿ ಇಲ್ಲವಾದರೆ, ಮಾತಿನ ನಡುವೆ ಫೋನ್ ಕಟ್ಟಾಗಿ ಮತ್ತೆ ಸೇರಿದ ಹಾಗಾಗುತ್ತದೆ.

ಕಾರಣ ಎಂಪಿ3 ಒಳಗೇ ಇದೆ. ಅದು ಸದ್ದನ್ನು 1152 ಸ್ಯಾಂಪಲ್‌ಗಳ (ಕ್ಷಣಕ್ಷಣಕ್ಕೂ ತೆಗೆದ ಸದ್ದಿನ ಅಳತೆಗಳ) ತುಂಡುಗಳಾಗಿ ಇಡುತ್ತದೆ. ಟ್ರ್ಯಾಕ್ ಆ ಅಳತೆಗೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಶುರುವಿನಲ್ಲೂ ಸ್ವಲ್ಪ ಸೇರುತ್ತದೆ. ಕೆಲವು ಪ್ಲೇಯರ್‌ಗಳು ಅದನ್ನು ಕತ್ತರಿಸಿ ನುಡಿಸುತ್ತವೆ, ನನ್ನದು ಕತ್ತರಿಸಲಿಲ್ಲ. ಕೊನೆಗೆ ಡಿಸ್ಕ್ ತರಿಸಿದೆ. ಈಗ ಆ ಏರು ಎಲ್ಲೂ ಮುರಿಯದೆ ಬರುತ್ತದೆ.

ಇನ್ನು ಹಾಡುಗಾರರು. ದೇವದೂತೆಯಾಗಿ ಬಾರ್ಬಿರೋಲಿಯ ಜಾನೆಟ್ ಬೇಕರ್‌ಗೆ ಸಾಟಿ ಇಲ್ಲ. ಕೊನೆಯ ವಿದಾಯವನ್ನು ಅವರು ಹಾಡುವಾಗ ಕಣ್ಣು ತುಂಬಿ ಬರುತ್ತದೆ. ಡೇವಿಸ್ ಜೊತೆಗಿರುವ ಆನ್ ಸೋಫಿ ವಾನ್ ಓಟರ್ ಚೆನ್ನಾಗಿ ಹಾಡುತ್ತಾರೆ, ಆದರೆ ಆ ಮಮತೆ ಸಿಗುವುದಿಲ್ಲ. ಅದೇ ಡೇವಿಸ್ ರೆಕಾರ್ಡಿಂಗ್‌ನಲ್ಲಿ ಜೆರಾಂಟಿಯಸ್ ಆಗಿ ಡೇವಿಡ್ ರೆಂಡಲ್ ಮೇಲಿನ ಸ್ವರಗಳಲ್ಲಿ ಕಷ್ಟಪಡುವುದು ಕೇಳಿಸುತ್ತದೆ. ಸಾವಿನ ಹಾಸಿಗೆಯಲ್ಲಿರುವವನ ದನಿ ಹಾಗೇ ಇರಬೇಕು, ಅಲ್ವಾ? ಅದೇ ಪಾತ್ರಕ್ಕೆ ಬೋಲ್ಟ್ ಆರಿಸಿದ ನಿಕೊಲಾಯ್ ಗೆಡ್ಡಾ ನನಗೆ ಜಾಸ್ತಿ ನಯ ಅನ್ನಿಸುತ್ತಾರೆ. ಬೋಲ್ಟ್ ಜೊತೆ ನುಡಿಸಿದ ಆರ್ಕೆಸ್ಟ್ರಾದ ಮೊದಲ ಹೆಸರು ಬರೀ ಫಿಲ್ಹಾರ್ಮೋನಿಯಾ; ಅದಕ್ಕೆ ಅದರ ಮೊದಲ ವರ್ಷಗಳಲ್ಲಿ ಹಣದ ನೆರವು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಆ ಅಭಿಮಾನ ಇಟ್ಟುಕೊಂಡು ಕೇಳಿದರೂ ಬೋಲ್ಟ್ ರೆಕಾರ್ಡಿಂಗ್ ನನಗೆ ಮೂರನೆಯದೇ.

ಬಾರ್ಬಿಕನ್‌ನಲ್ಲಿ ಪೈಪ್ ಆರ್ಗನ್ ಇಲ್ಲ, ಸದ್ದಿನ ಮಾರ್ದನಿಯೂ ಕಡಿಮೆ. ಅದಕ್ಕೇ ಕೋರಸ್ಸಿನ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ. ದೆವ್ವಗಳ ಕೋರಸ್ಸಿನಲ್ಲಿ ಇದು ದೊಡ್ಡ ಲಾಭ.

ಆತ್ಮ ದೇವರನ್ನು ಕಾಣುವ ಕ್ಷಣದಲ್ಲಿ ಪ್ರತಿ ವಾದ್ಯವೂ ತನ್ನ ಪೂರ್ತಿ ಬಲ ಹಾಕಬೇಕು ಎಂದು ಎಲ್ಗರ್ ಬರೆದಿದ್ದಾರೆ. ಡೇವಿಸ್ ಅಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ನಾನು ಕೇಳುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್‌ನಲ್ಲಿ. ಒಂದೂವರೆ ಗಂಟೆ ಒಂದೇ ಸಲ ಕೂರುತ್ತೇನೆ. ಹಾಗೆ ಕೇಳುವವರಿಗೆ ಜನರೆದುರು ಹಾಡಿದ್ದೇ ಬೇಕು. ಡಿಸ್ಕ್ ಪ್ಲೇಯರ್ ಇಲ್ಲದಿದ್ದರೆ ಫ್ಲಾಕ್ ಫೈಲ್ (ಸದ್ದಿನ ಏನನ್ನೂ ಕಳೆಯದೆ ಇಡುವ ಬಗೆ) ಕೊಳ್ಳಿ, ಅದರಲ್ಲಿ ಈ ಮೌನ ತುಂಬುವ ಕಾಟ ಇಲ್ಲ. ಕೈಯಲ್ಲಿ ದುಡ್ಡು ಮಿಕ್ಕಿದರೆ ಬೇಕರ್‌ಗೋಸ್ಕರ ಬಾರ್ಬಿರೋಲಿಯದನ್ನೂ ತಗೊಳ್ಳಿ.